ಚರ್ಮದ ಡಾಕ್ಟರ್ ಎದೆ ಬಗ್ಗೆ ಯಾಕೆ ಕೇಳ್ತಾರೆ?

ನಮ್ಮ ಚಿಕ್ಕೋಡಿ ಕಡೆ ಚರ್ಮದ ಮೇಲೆ ಏನೇ ಎದ್ದರೂ ಹೆಸರು ಎರಡೇ: ತುರಿ, ಇಲ್ಲಾ ಗಜಕರ್ಣ. ಕಾಕಾನ ಮೊಣಕೈ ಮೇಲೆ ಬೆಳ್ಳಗೆ ಪದರು ಕಟ್ಟಿ ಹಿಟ್ಟಿನಂತೆ ಉದುರುತ್ತಿದ್ದುದಕ್ಕೂ ಅದೇ ಹೆಸರು, ಅಂಗಡಿ ಮುಲಾಮು. ಅಂಟುತ್ತೆ ಅಂತ ಅವನ ಟವೆಲ್ ಬೇರೆ, ತಾಟು ಬೇರೆ. ಮದುವೆ ಪಂಕ್ತಿಯಲ್ಲಿ ತಾನಾಗೇ ತುದಿಗೆ ಹೋಗಿ ಕೂರುತ್ತಿದ್ದ.

ಕಾಗವಾಡ, ಅಥಣಿಯವರಿಗಾದರೆ ಮಿರಜ್ ಹತ್ತಿರ. ನಾವು ಹೋದದ್ದು ಬೆಳಗಾವಿಗೆ. ಇದು ಸೋರಿಯಾಸಿಸ್, ಯಾರಿಗೂ ಅಂಟೋದಿಲ್ಲ ಅಂದರು ಡಾಕ್ಟರು. ಆಮೇಲೆ ಬಿಪಿ ನೋಡಿದರು, ಹೊಟ್ಟೆ ಸುತ್ತಳತೆ ತಗೊಂಡರು, ಶುಗರ್, ಕೊಲೆಸ್ಟ್ರಾಲ್ ಬರೆದುಕೊಟ್ಟರು. ಕಾಕಾ ಹೊರಗೆ ಬಂದವನೇ, "ತಮ್ಮಾ, ನಾ ಕೈ ತೋರಸಾಕ ಬಂದ್ರ ಇವರು ಎದಿ ಬಗ್ಗೆ ಯಾಕ ಕೇಳತಾರ? ಬಿಲ್ ಏರಸಾಕೇನು?" ಅಂದ.

ಅನುಮಾನ ಸಹಜ. ಆದರೆ ಸೋರಿಯಾಸಿಸ್ ಚರ್ಮದಲ್ಲಿ ಕಾಣುತ್ತೆ ಅಷ್ಟೇ, ಕೆಟ್ಟಿರೋದು ರೋಗನಿರೋಧಕ ವ್ಯವಸ್ಥೆ. ನಮ್ಮ ಆಫೀಸಿನ ಭಾಷೆಯಲ್ಲಿ, ಎರರ್ ಸ್ಕ್ರೀನ್ ಮೇಲೆ, ಬಗ್ ಬ್ಯಾಕೆಂಡ್‌ನಲ್ಲಿ. ಚರ್ಮವನ್ನು ಕೆರಳಿಸುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-17 ಥರದ ಉರಿಯೂತದ ರಾಸಾಯನಿಕಗಳು ರಕ್ತದಲ್ಲೂ ಓಡಾಡ್ತವೆ. ರಕ್ತನಾಳದ ಒಳಗೋಡೆಗೆ ಕೊಬ್ಬು ಕಟ್ಟೋದಕ್ಕೂ ಉರಿಯೂತವೇ ಕೈಜೋಡಿಸುತ್ತೆ. 2006ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬ್ರಿಟನ್ನಿನ ಸುಮಾರು 1,30,000 ಸೋರಿಯಾಸಿಸ್ ರೋಗಿಗಳ ದಾಖಲೆ ನೋಡಿತ್ತು. ತೀವ್ರ ಸೋರಿಯಾಸಿಸ್ ಇರುವ 30 ವರ್ಷದವರಿಗೆ ಹೃದಯಾಘಾತದ ಅಪಾಯ ಅದೇ ವಯಸ್ಸಿನ ಉಳಿದವರಿಗಿಂತ ಸುಮಾರು ಮೂರು ಪಟ್ಟು. 60 ದಾಟಿದವರಲ್ಲಿ ಅಂತರ ಬಹಳ ಕಡಿಮೆ. ಮೂರು ಪಟ್ಟು ಅಂದಕೂಡಲೇ ಗಾಬರಿ ಬೇಡ, 30ರಲ್ಲಿ ಮೂಲ ಅಪಾಯವೇ ಸಣ್ಣದು. ಆದರೂ 2018ರ ಅಮೆರಿಕದ ಕೊಲೆಸ್ಟ್ರಾಲ್ ಮಾರ್ಗಸೂಚಿ ಹೃದಯದ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ಸೋರಿಯಾಸಿಸ್ ಹೆಸರನ್ನೂ ಸೇರಿಸಿತು.

ಕಾಕಾನಿಗೆ ಇದನ್ನೆಲ್ಲ ಹೇಳಿದೆ. ಅಂಕಿಸಂಖ್ಯೆ ಅವನಿಗೆ ನಾಟಲಿಲ್ಲ. ನಾಟಿದ್ದು ಬೀಡಿ ಮಾತು. ನಿಪ್ಪಾಣಿ ಸೀಮೆಯವನಿಗೆ ತಂಬಾಕು ಬರೀ ಚಟ ಅಲ್ಲ ನೋಡಿ, ಹೊಲ, ಕೂಲಿ, ಮಗನ ಫೀಸು ಎಲ್ಲಾ ಅದೇ. ಅದೇ ಹೊಗೆ ಸೋರಿಯಾಸಿಸ್ಸನ್ನೂ ಕೆರಳಿಸುತ್ತೆ, ಎದೆಯನ್ನೂ ಕೆಡಿಸುತ್ತೆ ಅಂದಾಗ ಸುಮ್ಮನೆ ಕೂತ. ಬೀಡಿ ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದಾನೆ. ಬಿಪಿ ಗುಳಿಗೆ ಮಾತ್ರ ತಪ್ಪಿಸಲ್ಲ.

ಈ ಕಾಯಿಲೆ ಮನೆತನದಲ್ಲಿ ಇಳಿದು ಬರಬಹುದು. ಕಾಕಾನ ಮಗ ಬೆಂಗಳೂರಲ್ಲಿ ಇದಾನೆ, 29 ವರ್ಷ, ನೈಟ್ ಶಿಫ್ಟ್, ಸಿಗರೇಟು. ಎರಡು ವರ್ಷದಿಂದ ಹೋಗದ ಡ್ಯಾಂಡ್ರಫ್ ಬೇರೆ, ಕೂದಲಂಚಿನಾಚೆ ಹಣೆವರೆಗೂ ಇಳಿದಿದೆ. ನಾನು ಹೇಳಿದರೆ ಗೂಗಲ್ ಲಿಂಕ್ ಕಳಿಸ್ತಾನೆ. ಹೋದ ವಾರ ಕಾಕಾನೇ ಫೋನ್ ಮಾಡಿದ: "ಲೇ, ತಲಿ ತೋರಸು. ಹೋದಾಗ ಬಿಪಿನೂ ನೋಡ ಅಂತ ಹೇಳು. ಬಿಲ್ ನಾ ಕೊಡತೇನಿ."