ಬೆಕ್ಕಿನ ಸಕ್ಕರೆ ಕಾಯಿಲೆಯೂ ಮನೆಯವರ ಕರ್ತವ್ಯವೂ

ಮಧುಮೇಹವೆಂಬ ಮಾತು ಇಂದು ಯಾವ ಕುಟುಂಬಕ್ಕೂ ಹೊಸದಲ್ಲ. ಹತ್ತು ಜನ ಕುಳಿತ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಹೋದರೆ ಇಬ್ಬರಾದರೂ ಎಲೆಯ ಮೇಲೆ ಕೈ ಅಡ್ಡ ಹಿಡಿಯುವ ಕಾಲವಿದು. ಆದರೆ ಬೆಕ್ಕಿಗೂ ಮಧುಮೇಹ ಬರುತ್ತದೆ, ಅದಕ್ಕೂ ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚುಮದ್ದು ಕೊಡಬೇಕಾಗುತ್ತದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಅನಂತರ "ಒಂದು ಬೆಕ್ಕಿಗೆ ಇಷ್ಟೆಲ್ಲ ಏಕೆ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಮ್ಮ ಮನೆಯ ಅನುಭವವೇ ಉತ್ತರವಾಗಬಹುದೆಂದು ಭಾವಿಸಿ ಈ ಮಾತುಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನಮ್ಮದು ದಾವಣಗೆರೆಯ ಹಳೆಯ ಬಡಾವಣೆಯೊಂದರಲ್ಲಿ ಹಿತ್ತಲುಳ್ಳ ಮನೆ. ಪತಿ ನಿವೃತ್ತರು. ಅತ್ತೆಯವರಿಗೆ ಎಪ್ಪತ್ತೆಂಟು ದಾಟಿದೆ. ಮಕ್ಕಳು ಉದ್ಯೋಗಕ್ಕಾಗಿ ದೂರದ ಊರು ಸೇರಿದ ಮೇಲೆ ಮನೆಯಲ್ಲಿ ಉಳಿದ ಚಿಕ್ಕವನೆಂದರೆ ಗುಂಡನೆಂಬ ಬೂದು ಬಣ್ಣದ ಗಂಡು ಬೆಕ್ಕು ಒಂದೇ. ಮರಿಯಾಗಿದ್ದಾಗ ಮಳೆಯಲ್ಲಿ ನೆನೆದು ತಾನಾಗಿಯೇ ಬಂದು ಸೇರಿದ ಜೀವ ಅದು. ಮನೆಯವರ ಹಾಲು ಅನ್ನವೇ ಅದರ ಊಟ. ಉಳಿದುದನ್ನು ಹಿತ್ತಲಿನಲ್ಲಿ ತಾನೇ ಬೇಟೆಯಾಡಿಕೊಳ್ಳುತ್ತಿತ್ತು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಮೇಲೆ ಅದರ ಅಲೆದಾಟ ಕಡಿಮೆಯಾಗಿ, ಒಂಬತ್ತನೆಯ ವರ್ಷಕ್ಕೆ ಆರೂವರೆ ಕಿಲೋ ತೂಗುವಷ್ಟು ಹೆಸರಿಗೆ ತಕ್ಕ ಗುಂಡನಾಗಿತ್ತು.

2022ರ ಚಳಿಗಾಲದಲ್ಲಿ ಅದರ ದಿನಚರಿ ಬದಲಾಯಿತು. ನೀರಿನ ಬಟ್ಟಲು ದಿನಕ್ಕೆ ಮೂರು ಬಾರಿ ಬರಿದಾಗತೊಡಗಿತು. ಎಷ್ಟು ತಿಂದರೂ ಹಸಿವು ತೀರದು. ಆದರೂ ಬೆನ್ನೆಲುಬು ಕೈಗೆ ಸಿಗುವಷ್ಟು ಸೊರಗಿತು. ಹಿಂಗಾಲಿನ ಬೆರಳುಗಳ ಮೇಲೆ ನಡೆಯುವ ಬೆಕ್ಕು ಹಿಮ್ಮಡಿಯನ್ನು ನೆಲಕ್ಕೂರಿ, ಕಾಲೆಳೆಯುತ್ತ ನಡೆಯತೊಡಗಿತು. ಒಂದು ದಿನ ಅತ್ತೆಯವರು ಅದರ ಮರಳಿನ ತಟ್ಟೆಯ ಸುತ್ತ ಕಟ್ಟಿರುವೆಗಳು ಸಾಲುಗಟ್ಟಿರುವುದನ್ನು ತೋರಿಸಿ, "ಇದಕ್ಕೂ ನನ್ನ ಕಾಯಿಲೆಯೇ ಬಂದಿದೆ ನೋಡು" ಎಂದರು. ಇಪ್ಪತ್ತು ವರ್ಷಗಳಿಂದ ಮಧುಮೇಹದೊಡನೆ ಬಾಳಿದವರ ಕಣ್ಣು ಅದು. ಜೇನಿನಂತೆ ಸಿಹಿಯಾದ ಮೂತ್ರವೆಂಬ ಅರ್ಥದಿಂದಲೇ ಅಲ್ಲವೆ ನಮ್ಮ ಹಿರಿಯ ವೈದ್ಯರು ಈ ರೋಗಕ್ಕೆ ಮಧುಮೇಹವೆಂದು ಹೆಸರಿಟ್ಟದ್ದು!

ಪಶುವೈದ್ಯರು ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಪ್ರಮಾಣ ಡೆಸಿಲೀಟರಿಗೆ 412 ಮಿಲಿಗ್ರಾಂ ಇತ್ತು. ಆದರೆ ಅವರು ಅದೊಂದನ್ನೇ ನಂಬಲಿಲ್ಲ. ಅಪರಿಚಿತ ಸ್ಥಳದಲ್ಲಿ ಬೆದರಿದ ಬೆಕ್ಕಿನ ರಕ್ತದಲ್ಲಿ, ಕಾಯಿಲೆ ಇಲ್ಲದಿದ್ದರೂ, ಸಕ್ಕರೆ ಹಠಾತ್ತನೆ ಏರುವುದುಂಟಂತೆ. ಆದ್ದರಿಂದ ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮೂತ್ರಪರೀಕ್ಷೆಯನ್ನೂ ಮಾಡಿಸಿದರು. ಬೆಕ್ಕಿನ ಮೂತ್ರಪಿಂಡವು ರಕ್ತದ ಸಕ್ಕರೆ ಸುಮಾರು 250ರಿಂದ 300 ಮಿಲಿಗ್ರಾಂ ಮೀರುವವರೆಗೂ ಅದನ್ನು ಮೂತ್ರಕ್ಕೆ ಬಿಡುವುದಿಲ್ಲ. ಇರುವೆ ಮುತ್ತುವಷ್ಟು ಸಕ್ಕರೆ ಹೊರಬಿದ್ದಿದೆಯೆಂದರೆ ರೋಗ ನಿಶ್ಚಯವೆಂದೇ ಅರ್ಥ.

ಬೆಕ್ಕಿಗೆ ಬರುವ ಮಧುಮೇಹ ಬಹುಮಟ್ಟಿಗೆ ಮನುಷ್ಯರಲ್ಲಿ ನಡುವಯಸ್ಸಿನ ಅನಂತರ ಕಾಣಿಸಿಕೊಳ್ಳುವ ಎರಡನೆಯ ಬಗೆಯದನ್ನೇ ಹೋಲುತ್ತದೆ. ಮೈಯಲ್ಲಿ ಕೊಬ್ಬು ಹೆಚ್ಚಿದಂತೆ ಇನ್ಸುಲಿನ್ನಿನ ಮಾತನ್ನು ಅಂಗಾಂಶಗಳು ಕೇಳದಾಗುತ್ತವೆ. ಅದನ್ನು ಸ್ರವಿಸುವ ಮೇದೋಜೀರಕ ಗ್ರಂಥಿಯ ಜೀವಕೋಶಗಳು ದುಡಿದು ದುಡಿದು ಸೋಲುತ್ತವೆ. ನಡುವಯಸ್ಸು ದಾಟಿದ, ಸಂತಾನಹರಣ ಮಾಡಿಸಿದ, ಮನೆಯೊಳಗೇ ಇರುವ ದಪ್ಪ ಗಂಡು ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ತುರಿಕೆ, ಕೆಮ್ಮು ಮೊದಲಾದವುಗಳಿಗೆ ದೀರ್ಘಕಾಲ ಸ್ಟೀರಾಯ್ಡ್ ಔಷಧ ಕೊಟ್ಟಾಗಲೂ ಇದು ತಲೆದೋರಬಹುದು.

ಚಿಕಿತ್ಸೆಯ ಎರಡು ಕಂಬಗಳನ್ನು ವೈದ್ಯರು ವಿವರಿಸಿದರು. ಒಂದು, ಹನ್ನೆರಡು ಗಂಟೆಗೊಮ್ಮೆ ಗ್ಲಾರ್ಜಿನ್ ಎಂಬ ಇನ್ಸುಲಿನ್. ಆರಂಭಕ್ಕೆ ಒಂದೊಂದೇ ಯೂನಿಟ್. ಇನ್ನೊಂದು ಆಹಾರ. ಇಲ್ಲಿಯೇ ನಮ್ಮ ಮನೆಯಲ್ಲಿ ಧರ್ಮಸಂಕಟ ಉಂಟಾದುದು. "ಹಾಲು ಅನ್ನವನ್ನು ಹಂತಹಂತವಾಗಿ ಬಿಡಿಸಿರಿ. ಇದಕ್ಕೆ ಪಿಷ್ಟ ಕಡಿಮೆಯಿರುವ, ಮಾಂಸದ ಪ್ರೋಟೀನ್ ತುಂಬಿದ ಆಹಾರವೇ ಆಗಬೇಕು" ಎಂದರು ವೈದ್ಯರು.

ನಮ್ಮ ಮನೆಯ ಹೊಸ್ತಿಲನ್ನು ಅಂದಿನವರೆಗೆ ಮಾಂಸ ದಾಟಿದ್ದಿಲ್ಲ. ಮೊಟ್ಟೆಯೂ ಬಂದಿದ್ದಿಲ್ಲ. ಅತ್ತೆಯವರು ನಿತ್ಯ ಲಿಂಗಪೂಜೆಯಿಲ್ಲದೆ ಹನಿ ನೀರನ್ನೂ ಮುಟ್ಟುವವರಲ್ಲ. ಪತಿಯವರು "ಔಷಧ ಎಷ್ಟಾದರೂ ಕೊಡೋಣ, ಅದೊಂದು ಮಾತ್ರ ಬೇಡ, ಬೇಳೆ, ಸೋಯಾ, ಪನೀರು ಹಾಕಿದರೆ ಸಾಲದೆ?" ಎಂದರು. ನಾನು ಅದೇ ಪ್ರಶ್ನೆಯನ್ನು ಹಿಡಿದು ಮತ್ತೆ ವೈದ್ಯರ ಬಳಿಗೆ ಹೋದೆ.

ಅವರು ಹೇಳಿದ ವಿಷಯವನ್ನು ಬೆಕ್ಕು ಸಾಕುವ ಸಸ್ಯಾಹಾರಿ ಮನೆಗಳವರು ತಿಳಿದಿರುವುದು ಲೇಸು. ನಾಯಿ ಮನುಷ್ಯನ ಊಟಕ್ಕೆ ತಕ್ಕಮಟ್ಟಿಗೆ ಒಗ್ಗಿಕೊಂಡ ಪ್ರಾಣಿ, ಬೆಕ್ಕು ಹಾಗಲ್ಲ. ಅದರ ಜೊಲ್ಲಿನಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವವಿಲ್ಲ. ಊಟದ ಅನಂತರ ನುಗ್ಗಿಬರುವ ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದರ ಯಕೃತ್ತಿಗೆ ತೀರ ಕಡಿಮೆ. ಕಣ್ಣಿಗೂ ಹೃದಯಕ್ಕೂ ಅತ್ಯವಶ್ಯವಾದ ಟಾರಿನ್ ಎಂಬ ವಸ್ತುವನ್ನು ಅದರ ಶರೀರ ಸಾಕಷ್ಟು ತಯಾರಿಸಲಾರದು, ಧಾನ್ಯ ಕಾಳುಗಳಲ್ಲಿ ಅದು ದೊರೆಯುವುದೂ ಇಲ್ಲ. ಟಾರಿನ್ನಿನ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ನಿಶ್ಶಕ್ತವಾಗುವುದೆಂದು 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಸಂಶೋಧಕರು ತೋರಿಸಿಕೊಟ್ಟರು. ಕ್ಯಾರೆಟ್ಟಿನಲ್ಲಿರುವ ಸತ್ವವನ್ನು ನಾವು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತೇವೆ. ಬೆಕ್ಕಿಗೆ ಅದೂ ಸಾಧ್ಯವಿಲ್ಲ. ಮಾಂಸಾಹಾರ ಅದರ ರುಚಿಯಲ್ಲ, ಅದರ ಶರೀರದ ಕಟ್ಟಳೆ.

ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಗುಂಡ ಅತ್ತೆಯವರ ಮಂಚದ ಕೆಳಗೆ ಕಾಲು ಚಾಚಿ ಮಲಗಿತ್ತು. ಬೆಳಿಗ್ಗೆ ಪೂಜೆ ಮುಗಿಸಿ ಬಂದ ಅತ್ತೆಯವರೇ ಮಾತು ತೆಗೆದರು. "ವ್ರತ ಹಿಡಿದವರು ನಾವು, ಅದು ಹಿಡಿದಿಲ್ಲ. ನಮ್ಮ ವ್ರತಕ್ಕೆ ಅದರ ಪ್ರಾಣವನ್ನು ಬೆಲೆಯಾಗಿ ಕೊಡಲು ನಮಗೇನು ಅಧಿಕಾರ? ಹುಲಿಗೆ ಹುಲ್ಲು ಹಾಕಿ ಪುಣ್ಯ ಬಂತೆಂದರೆ ಒಪ್ಪುವವರು ಯಾರು? ಹಿತ್ತಲ ಜಗುಲಿಯಲ್ಲಿ ಅದರ ಊಟಕ್ಕೆ ಬೇರೆ ಏರ್ಪಾಡು ಮಾಡಿರಿ" ಎಂದರು. ಪತಿಯವರು ತಾಯಿಯ ಮುಖವನ್ನೊಮ್ಮೆ ನೋಡಿದರು. ಮರುಮಾತಾಡದೆ ಹಿತ್ತಲಿನ ಹಳೆಯ ಕಪಾಟನ್ನು ಒರೆಸತೊಡಗಿದರು. ಬೆಕ್ಕಿಗಾಗಿಯೇ ತಯಾರಾದ ಡಬ್ಬಿಯ ಆಹಾರ, ಅದರ ತಟ್ಟೆ, ಚಮಚ ಎಲ್ಲವೂ ಇಂದಿಗೂ ಆ ಕಪಾಟಿನಲ್ಲಿಯೇ ಇವೆ. ಅಡಿಗೆಮನೆಯ ಆಚಾರ ಮೊದಲಿನಂತೆಯೇ ಉಳಿದಿದೆ.

ಇನ್ನು ಶುಶ್ರೂಷೆಯ ವಿವರಗಳು. ಚುಚ್ಚುಮದ್ದೆಂದರೆ ನನಗೂ ಕೈ ನಡುಗುತ್ತಿತ್ತು. ಆದರೆ ಸೂಜಿ ಕೂದಲಿನಷ್ಟು ಸಣ್ಣದು. ಬೆಕ್ಕು ಊಟಕ್ಕೆ ಬಾಯಿ ಹಾಕಿದಾಗ ಪಕ್ಕೆಯ ಚರ್ಮವನ್ನು ಗುಡಾರದಂತೆ ಮೇಲೆತ್ತಿ ಆ ಮಡಿಕೆಯೊಳಗೆ ಕೊಟ್ಟರೆ ಅದು ತಲೆ ಎತ್ತುವುದೂ ಇಲ್ಲ. ಬೆಳಗಿನ ಪೂಜೆಯ ವೇಳೆ, ಸಂಜೆ ದೀಪ ಹಚ್ಚುವ ವೇಳೆ ಎಂದು ನಾವು ಹೊತ್ತು ಗೊತ್ತುಮಾಡಿಕೊಂಡೆವು. ಮೊದಲು ಊಟ, ಆಮೇಲೆ ಮದ್ದು. ಊಟವನ್ನೇ ಮಾಡದಿದ್ದರೆ ವೈದ್ಯರನ್ನು ಕೇಳದೆ ಪೂರ್ತಿ ಪ್ರಮಾಣ ಕೊಡಬಾರದು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ಇನ್ಸುಲಿನ್ನಿನ ಸಾಂದ್ರತೆಯ ವಿಷಯದಲ್ಲಿ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಶೀಶೆಗಳೂ, 100 ಯೂನಿಟ್ ಇರುವವೂ ಮಾರಾಟದಲ್ಲಿವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. ಅತ್ತೆಯವರದು 40ರ ಶೀಶೆ, ಗುಂಡನ ಗ್ಲಾರ್ಜಿನ್ 100ರದು. 100ರ ಮದ್ದನ್ನು ಕೆಂಪು ಸಿರಿಂಜಿನಲ್ಲಿ ಒಂದು ಗೆರೆ ಎಳೆದರೂ ಒಳಹೋಗುವುದು ಎರಡೂವರೆ ಯೂನಿಟ್! ಐದು ಕಿಲೋ ಜೀವಕ್ಕೆ ಅದು ಪ್ರಾಣಾಂತಿಕವಾಗಬಹುದು. ಆದ್ದರಿಂದ ಮೊದಲ ದಿನವೇ ಎರಡು ಬೇರೆ ಡಬ್ಬಿಗಳನ್ನು ಮಾಡಿ, ಅತ್ತೆಯವರದನ್ನು ಫ್ರಿಜ್ಜಿನ ಮೇಲಿನ ಅಂಕಣದಲ್ಲಿ, ಬೆಕ್ಕಿನದನ್ನು ಕೆಳಗಿನ ಅಂಕಣದಲ್ಲಿ ಇಟ್ಟೆವು. ಮದ್ದು ಹೆಪ್ಪುಗಟ್ಟಬಾರದು, ಗ್ಲಾರ್ಜಿನ್ನನ್ನು ಕುಲುಕಲೂಬಾರದು, ಬೇರೆ ದ್ರವದೊಡನೆ ಬೆರೆಸಲೂಬಾರದು.

ಮನೆಯಲ್ಲಿಯೇ ಸಕ್ಕರೆಯನ್ನು ಅಳೆಯಲು ಕಲಿತುದು ದೊಡ್ಡ ಉಪಕಾರವಾಯಿತು. ಕಿವಿಯ ಅಂಚನ್ನು ಬೆಚ್ಚನೆಯ ಬಟ್ಟೆಯಿಂದ ಒತ್ತಿ, ಅಲ್ಲಿ ಹರಿಯುವ ಸಣ್ಣ ರಕ್ತನಾಳದ ಬಳಿ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಸಾಕು. ಮನುಷ್ಯರಿಗಾಗಿ ಮಾಡಿದ ಯಂತ್ರ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆಂಬುದನ್ನು ನೆನಪಿಟ್ಟುಕೊಂಡು, ಬರೆದಿಟ್ಟ ಅಂಕಿಗಳನ್ನು ವೈದ್ಯರಿಗೆ ಒಪ್ಪಿಸುತ್ತಿದ್ದೆವು. ಪ್ರಮಾಣವನ್ನು ಏರಿಸುವುದೂ ಇಳಿಸುವುದೂ ಅವರ ಕೆಲಸ.

ಅಪಾಯ ಒಮ್ಮೆ ಹತ್ತಿರವೇ ಸುಳಿಯಿತು. 2023ರ ಫೆಬ್ರುವರಿಯ ಒಂದು ಮಧ್ಯಾಹ್ನ ಗುಂಡ ಅಮಲೇರಿದಂತೆ ತೂರಾಡಿ ಗೋಡೆಗೆ ಒರಗಿತು. ಕಿವಿ ಚುಚ್ಚಿ ನೋಡಿದರೆ 48. "ಜೇನುತುಪ್ಪ ತಾ" ಎಂದು ಕೂಗಿದವರು ಅತ್ತೆಯವರೇ. ಸಕ್ಕರೆ ಇಳಿದಾಗಿನ ಆ ಬೆವರು, ಆ ನಡುಕ ಅವರಿಗೆ ಸ್ವಂತ ಅನುಭವ. ಬೆರಳಿನಿಂದ ಒಸಡಿಗೆ ಜೇನು ಸವರಿ, ಬಟ್ಟೆಯಲ್ಲಿ ಸುತ್ತಿಕೊಂಡು ವೈದ್ಯರಲ್ಲಿಗೆ ಓಡಿದೆವು. ಪ್ರಜ್ಞೆ ತಪ್ಪಿದ ಪ್ರಾಣಿಗೆ ದ್ರವವನ್ನು ಬಾಯಿಗೆ ಸುರಿಯಬಾರದು, ಅದು ಶ್ವಾಸಕೋಶಕ್ಕೆ ಇಳಿದೀತು. ಒಸಡಿಗೆ ಸವರುವುದೇ ಸರಿಯಾದ ಕ್ರಮ. ಅಂದು ವೈದ್ಯರು ಹೇಳಿದುದು ಆಶ್ಚರ್ಯದ ಮಾತು: "ಇದು ಒಳ್ಳೆಯ ಸೂಚನೆಯೂ ಇರಬಹುದು. ಅದರ ಗ್ರಂಥಿ ಮತ್ತೆ ದುಡಿಯಲಾರಂಭಿಸಿದಂತಿದೆ."

ಹಾಗೆಯೇ ಆಯಿತು. ನಾಯಿಗೆ ಮಧುಮೇಹ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಇನ್ಸುಲಿನ್ ಬೇಕು. ಬೆಕ್ಕಿನಲ್ಲಿ ಮಾತ್ರ, ಬೇಗ ಚಿಕಿತ್ಸೆ ಆರಂಭಿಸಿ ಪಿಷ್ಟ ತಗ್ಗಿಸಿದರೆ, ಹಲವಕ್ಕೆ ಮದ್ದೇ ಬೇಡವಾಗುವ ಹಂತ ಬರುವುದುಂಟು. ಪ್ರಮಾಣ ಅರ್ಧ ಯೂನಿಟ್ಟಿಗಿಳಿದು, 2023ರ ಏಪ್ರಿಲಿನಲ್ಲಿ ನಿಂತೇ ಹೋಯಿತು. ಹಿಂಗಾಲು ಮೆಲ್ಲಮೆಲ್ಲನೆ ಚೇತರಿಸಿ, ಮಳೆಗಾಲದ ಹೊತ್ತಿಗೆ ಗುಂಡ ಮತ್ತೆ ಕಾಂಪೌಂಡಿನ ಗೋಡೆ ಏರಿತು. ಆದರೆ ಇದು ವಿರಾಮವೇ ಹೊರತು ಮುಕ್ತಾಯವಲ್ಲ. 2024ರ ಕೊನೆಗೆ ನೀರಿನ ಬಟ್ಟಲು ಮತ್ತೆ ಬರಿದಾಗತೊಡಗಿತು. ಚುಚ್ಚುಮದ್ದು ಮರಳಿ ಬಂತು. ಈಗ ಅಮೆರಿಕದಲ್ಲಿ ಬೆಕ್ಕುಗಳಿಗೆಂದೇ ದಿನಕ್ಕೊಮ್ಮೆ ಬಾಯಿಂದ ಕೊಡುವ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022ರಲ್ಲಿಯೂ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ 2023ರಲ್ಲಿಯೂ ಅನುಮತಿ ದೊರೆತಿದೆ. ಆದರೆ ಒಮ್ಮೆ ಇನ್ಸುಲಿನ್ ಪಡೆದ ಬೆಕ್ಕಿಗೆ ಅವು ಸಲ್ಲವೆಂಬ ಎಚ್ಚರಿಕೆಯಿದೆ. ನಮಗೆ ಸೂಜಿಯೇ ಗತಿ.

"ಒಂದು ಬೆಕ್ಕಿಗೆ ಇಷ್ಟೆಲ್ಲ ಏಕೆ?" ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಮಧುಮೇಹದ ಮೂಲ ಮೇದೋಜೀರಕ ಗ್ರಂಥಿಯಲ್ಲಿದೆಯೆಂದು ತಿಳಿದುದು 1889ರಲ್ಲಿ, ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ನಾಯಿಯೊಂದರ ಆ ಗ್ರಂಥಿಯನ್ನು ತೆಗೆದುಹಾಕಿದಾಗ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಇನ್ಸುಲಿನ್ನನ್ನು ಕಂಡುಕೊಂಡುದು ಕೂಡ ನಾಯಿಗಳ ಮೇಲಿನ ಪ್ರಯೋಗದಿಂದಲೇ. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಕೊಟ್ಟ ದಿನದಿಂದ ಸುಮಾರು ಅರವತ್ತು ವರ್ಷಗಳ ಕಾಲ ಮನುಷ್ಯಕುಲ ಬಳಸಿದುದು ದನ ಮತ್ತು ಹಂದಿಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್ನನ್ನು. ಸೂಕ್ಷ್ಮಾಣುಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ 1982ರಲ್ಲಷ್ಟೇ ಮಾರುಕಟ್ಟೆಗೆ ಬಂದುದು. ಸಕ್ಕರೆ ಕಾಯಿಲೆಯಿದ್ದೂ ಮೊಮ್ಮಕ್ಕಳ ಮುಖ ಕಂಡ ಎಷ್ಟೋ ಹಿರಿಯರ ಆಯುಸ್ಸಿನಲ್ಲಿ ಮೂಕಪ್ರಾಣಿಗಳ ಪಾಲಿದೆ. ಆ ಸಾಲದ ಒಂದು ಕಾಸನ್ನಾದರೂ ಒಂದು ಬೆಕ್ಕಿನ ಮೂಲಕ ತೀರಿಸುವ ಅವಕಾಶ ದೊರೆತರೆ ಅದನ್ನು ಹೊರೆಯೆನ್ನುವುದು ಹೇಗೆ?

ಮನೆಯಲ್ಲಿ ಬೆಕ್ಕಿರುವ ತಾಯಂದಿರು ಇಷ್ಟನ್ನು ಗಮನದಲ್ಲಿಡಲಿ. ನೀರು ಕುಡಿಯುವುದು, ಮೂತ್ರ, ಹಸಿವು ಹೆಚ್ಚಿ ತೂಕ ಇಳಿದರೆ ತಡಮಾಡದೆ ಪಶುವೈದ್ಯರನ್ನು ಕಾಣಬೇಕು. ದಪ್ಪ ಬೆಕ್ಕನ್ನು ಸಣ್ಣದಾಗಿಸಲು ಉಪವಾಸ ಕೆಡವಬಾರದು. ಎರಡು ಮೂರು ದಿನ ಆಹಾರವಿಲ್ಲದಿದ್ದರೆ ಅದರ ಯಕೃತ್ತಿಗೆ ಕೊಬ್ಬು ತುಂಬಿ ಪ್ರಾಣಕ್ಕೇ ಎರವಾದೀತು. ವಾಂತಿ, ನಿತ್ರಾಣ, ಉಸಿರಿನಲ್ಲಿ ಹಣ್ಣಿನ ವಾಸನೆ ಕಂಡರೆ ಅದು ತುರ್ತು ಸ್ಥಿತಿ. ಮನುಷ್ಯರ ಮದ್ದನ್ನು ಅಂದಾಜಿನಿಂದ ಕೊಡುವ ಸಾಹಸ ಯಾರೂ ಮಾಡಬಾರದು.

ಅತ್ತೆಯವರು ಈಗ ತಮ್ಮ ಮದ್ದಿನ ಹೊತ್ತನ್ನು ಮರೆತರೂ ಬೆಕ್ಕಿನ ಹೊತ್ತನ್ನು ಮರೆಯುವುದಿಲ್ಲ. ಹಿಂದೆ ಊಟದ ಪಥ್ಯಕ್ಕೆ ಬೇಸರಿಸುತ್ತಿದ್ದವರು, "ಬಾಯಿಲ್ಲದ ಜೀವ ಪಥ್ಯ ಮಾಡುತ್ತದೆ, ನನಗೇನು ಕಷ್ಟ?" ಎನ್ನುತ್ತಾರೆ. ಅವರ ಸಕ್ಕರೆಯೂ ಈಚೆಗೆ ಹದದಲ್ಲಿದೆ. ಗುಂಡ ಇನ್ನೆಷ್ಟು ದಿನವೋ ಬಲ್ಲವರಾರು. ನಮ್ಮನ್ನು ನಂಬಿ ಬಂದ ಜೀವ ಇರುವಷ್ಟು ದಿನ ನೋವಿಲ್ಲದೆ ಇರುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ದಿನಕ್ಕೆರಡು ಬಾರಿ ಐದೈದು ನಿಮಿಷದ ಆ ಕೆಲಸಕ್ಕೆ ಬೇಕಾದುದು ಸಿರಿತನವಲ್ಲ, ಹೊತ್ತು ತಪ್ಪದ ನಿಷ್ಠೆ.