ಮುಖ ಮೌನವಾದಾಗ

“ಮುಖವೇ ಮನಸ್ಸಿನ ಕನ್ನಡಿ” ಎಂಬ ಮಾತನ್ನು ನಾನು ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟವಳು. ಆ ಮಾತು ಎಲ್ಲ ವೇಳೆಯಲ್ಲಿಯೂ ಸಲ್ಲುವುದಿಲ್ಲವೆಂದು ನನಗೆ ಕಲಿಸಿದ್ದು ನನ್ನ ಯಜಮಾನರ ಮುಖ.

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮೊಮ್ಮಗನು ಮೊದಲ ಹೆಜ್ಜೆ ಇಟ್ಟ ದಿನ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕೆವು. ಅವರು ಮಾತ್ರ ಕುರ್ಚಿಯಲ್ಲಿ ನಿರ್ವಿಕಾರರಾಗಿ ಕುಳಿತಿದ್ದರು. ಸೊಸೆ ಅಡುಗೆಮನೆಗೆ ಬಂದು, “ಅತ್ತೆ, ಮಾವನವರಿಗೆ ಮಗುವನ್ನು ಕಂಡರೆ ಅಷ್ಟಕ್ಕಷ್ಟೇ” ಎಂದು ಕಣ್ಣೊರೆಸಿಕೊಂಡಳು. ನಾನು ಸಮಾಧಾನ ಹೇಳಲಿಲ್ಲ. ಕೆಲವು ತಿಂಗಳುಗಳಿಂದ ನನಗೂ ಅದೇ ನೋವಿತ್ತು. ನಲವತ್ತು ವರ್ಷಗಳ ದಾಂಪತ್ಯ ಅವರಿಗೆ ಸಾಕಾಗಿದೆಯೆಂದೇ ತಿಳಿದು ನಾನೂ ಮಾತು ಕಡಿಮೆ ಮಾಡಿದ್ದೆ.

ಒಂದು ಮುಂಜಾನೆ ಪೂಜೆಯ ವೇಳೆ, ಇಷ್ಟಲಿಂಗವನ್ನಿರಿಸಿಕೊಂಡ ಅವರ ಎಡ ಅಂಗೈ ಸಣ್ಣಗೆ ನಡುಗುವುದನ್ನು ಕಂಡೆ. ಮಗ ರಾಜಾಜಿನಗರದ ನರರೋಗ ತಜ್ಞರೊಬ್ಬರ ಬಳಿಗೆ ಕರೆದೊಯ್ದನು. ವೈದ್ಯರು ಕೈಗಿಂತ ಮೊದಲು ಮುಖವನ್ನು ನೋಡಿದರು. ರೆಪ್ಪೆ ಬಡಿಯುವುದೂ ವಿರಳವಾಗಿತ್ತು. ಅದು 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ, ಅವರ ಹೆಸರಿನಿಂದಲೇ ಕರೆಯಲ್ಪಡುವ ರೋಗ.

ವೈದ್ಯರು ತಾಳ್ಮೆಯಿಂದ ತಿಳಿಸಿದರು. ನಾವು ಮೆದುಳೆಂದರೆ ಸುಕ್ಕುಗಟ್ಟಿದ ಹೊರಪದರವನ್ನೇ ನೆನೆಯುತ್ತೇವೆ. ಅದರ ಕೆಳಗೆ, ಆಳದಲ್ಲಿ, ಬಾದಾಮಿಯಾಕಾರದ ಅಮಿಗ್ಡಲ ಭಯದಂತಹ ಭಾವಗಳಲ್ಲಿ ಪಾಲ್ಗೊಳ್ಳುತ್ತದೆ. ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳು ತಾನಾಗಿ ನಡೆಯುವ ಚಲನೆಗಳಿಗೆ ನೆರವಾಗುತ್ತವೆ. ಮಧ್ಯಮೆದುಳಿನಲ್ಲಿರುವ ಕಪ್ಪು ಪಟ್ಟಿಯೊಂದರ ಕೋಶಗಳು ಇವುಗಳಿಗೆ ಡೋಪಮಿನ್ ಎಂಬ ರಾಸಾಯನಿಕವನ್ನು ಒದಗಿಸುತ್ತವೆ. ಈ ರೋಗದಲ್ಲಿ ಆ ಕೋಶಗಳು ಸಾಯುತ್ತ ಬಂದು ಕಪ್ಪು ಬಣ್ಣವೇ ಮಾಸುತ್ತದೆ. ಫೋಟೋ ತೆಗೆಯುವವನು ಹೇಳಿದಾಗ ನಗುವ ನಗೆಗೆ ಹೊರಪದರದ ಆಜ್ಞೆ ಸಾಕು. ಮಗುವನ್ನು ಕಂಡು ತಾನಾಗಿ ಅರಳುವ ನಗೆಗೆ ಆಳದ ಈ ಕೇಂದ್ರಗಳು ಬೇಕು. ಆದುದರಿಂದ ಒಳಗೆ ಸಂತೋಷವಿದ್ದರೂ ಮುಖದ ಸ್ನಾಯುಗಳಿಗೆ ಆ ಸುದ್ದಿ ಸರಿಯಾಗಿ ತಲಪುವುದಿಲ್ಲ.

“ಹಾಗಾದರೆ ಅವರಿಗೆ ಸಂತೋಷವಾಗಿತ್ತೆ?” ಎಂದೆ. “ಅದನ್ನು ಅವರನ್ನೇ ಕೇಳಿ, ತಾಯಿ” ಎಂದರು.

ಆ ಸಂಜೆ ಕೇಳಿದೆ. ಬಹಳ ಹೊತ್ತಿನ ಮೇಲೆ ಕುಗ್ಗಿದ ದನಿಯಲ್ಲಿ, “ಅಪ್ಪಾಜಿ ಇದ್ದಿದ್ದರೆ ನೋಡಿ ಹಿಗ್ಗುತ್ತಿದ್ದರು ಅನ್ನಿಸಿತು. ನಾನು ಅವತ್ತು ನಗುತ್ತಲೇ ಇದ್ದೆನಲ್ಲ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ತಾವು ನಕ್ಕೆವೆಂದೇ ಅವರು ತಿಳಿದಿದ್ದರು! ನಾನು ಅವರ ಮೇಲೆ ಹೊರಿಸಿದ್ದ ದೋಷವನ್ನೆಲ್ಲ ನೆನೆದು ನಾಚಿದೆ.

ಈ ರೋಗದಲ್ಲಿ ನಿಜವಾದ ಖಿನ್ನತೆ, ನಿರಾಸಕ್ತಿಗಳೂ ಬರುವುದುಂಟು; ಅವುಗಳನ್ನು ವೈದ್ಯರಿಗೆ ಮುಚ್ಚದೆ ಹೇಳಬೇಕು. ಲೆವೊಡೋಪಾ ಎಂಬ ಔಷಧಿ ರೋಗವನ್ನು ಅಳಿಸದಿದ್ದರೂ ಚಲನೆಯನ್ನು ಸುಧಾರಿಸುತ್ತದೆ. ನಮ್ಮ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿಯ ಬೀಜದಲ್ಲಿಯೂ ಅದೇ ದ್ರವ್ಯವಿದೆ. ಆದರೆ ಅದನ್ನು ಸ್ವಂತ ಬುದ್ಧಿಯಿಂದ ಸೇವಿಸುವುದು ಅಪಾಯಕರ.

ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮೆದುಳಿನ ಬ್ಯಾಂಕ್ ಆರಂಭವಾಯಿತು. ಸತ್ತವರ ಮನೆಯವರು ದಾನವಿತ್ತ ಮೆದುಳುಗಳನ್ನು ಅಲ್ಲಿ ಸಂಶೋಧನೆಗೆ ಕಾಪಾಡುತ್ತಾರೆ. ಅಲ್ಲಿನ ಸಂಗ್ರಹಾಲಯದಲ್ಲಿ ಸಾಮಾನ್ಯರೂ ಮೆದುಳನ್ನು ನೋಡಬಹುದು. ನಾನೂ ಸೊಸೆಯೂ ಹೋಗಿದ್ದೆವು. ಒಂದೂಕಾಲು ಕಿಲೋ, ಒಂದೂವರೆ ಕಿಲೋ ತೂಗುವ ಆ ಮುದ್ದೆಯ ಮುಂದೆ ಅವಳು ಬಹಳ ಹೊತ್ತು ನಿಂತಳು.

ಮನೆಗೆ ಬಂದವಳೇ ಮಗುವನ್ನು ಮಾವನವರ ತೊಡೆಯ ಮೇಲೆ ಕೂರಿಸಿದಳು. ಅವರ ಮುಖ ಅಲುಗಲಿಲ್ಲ. “ಮಾವ, ಖುಷಿಯಾಯಿತೇ?” ಎಂದು ಕೇಳಿದಳು. “ಹೂಂ, ತುಂಬ” ಎಂದರು. ಹಿರಿಯರಿರುವ ಮನೆಗಳ ಸೋದರಿಯರಲ್ಲಿ ನನ್ನ ವಿನಂತಿಯೂ ಇಷ್ಟೇ: ಮುಖವನ್ನು ನೋಡಿ ಮುನಿಸಿಕೊಳ್ಳುವ ಮೊದಲು ಒಮ್ಮೆ ಬಾಯಿಬಿಟ್ಟು ಕೇಳಿರಿ.