ದಿನಚರಿಯ ಹೊಸ ದಾರಿ

ಹಲವು ವರ್ಷಗಳ ಕಾಲ ನನ್ನ ದಿನಚರಿಯಲ್ಲಿ ನನ್ನ ಕಾಯಿಲೆ, ನೆಂಟರ ಮೇಲಿನ ಮುನಿಸು, ತಿಂಗಳ ಲೆಕ್ಕ, ಇವಲ್ಲದೆ ಬೇರೇನೂ ಇರಲಿಲ್ಲ. ಈಗ ಅದು ಚನ್ನಪಟ್ಟಣದ ಬೊಂಬೆಗಾರರ ವಿದ್ಯೆಯ ದಫ್ತರವಾಗಿದೆ. ಆಲೆಮರದ ತುಂಡು ಎಷ್ಟು ಒಣಗಿರಬೇಕು, ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಎಷ್ಟು ಬಲದಿಂದ ಒತ್ತಬೇಕು, ಉಜ್ಜಿದ ಕಾವಿಗೆ ಅರಗು ಕರಗಿ ಹರಡಿದೊಡನೆ ತಾಳೆಗರಿಯಿಂದ ಹೇಗೆ ಹೊಳಪೇರಿಸಬೇಕು ಎಂಬುದೆಲ್ಲ ಕೈ ಬಲ್ಲ ವಿದ್ಯೆ. 2005–06ರಲ್ಲಿ ದೊರೆತ ಭೌಗೋಳಿಕ ಸೂಚಿಯ ಮಾನ್ಯತೆಯು ಬೊಂಬೆಯ ಹೆಸರನ್ನು ಕಾಯಬಲ್ಲದು. ಮಕ್ಕಳು ಬೇರೆ ಉದ್ಯೋಗ ಹಿಡಿದ ಮನೆಗಳಲ್ಲಿ ಆ ಹದವನ್ನು ಕಾಯುವವರಾರು?

ವೃದ್ಧರೊಬ್ಬರನ್ನು ಕೇಳಿದಾಗ, “ಬರೆದುಕೊಳ್ಳಿ ಸ್ವಾಮಿ, ಆದರೆ ಬೆರಳಿಗೆ ಬಿಸಿ ತಾಗಬೇಕು” ಎಂದರು. ಆ ಬಿಸಿಗೆ ತಕ್ಕ ಮಾತು ದೊರೆತಾಗ ಬರೆಯಲೆಂದು ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ.